ದವಡೆಗೆ ಬಿದ್ದ ಬೀಗ

ಮಾಘ ಶುದ್ಧ ಪಂಚಮಿ, ಮಂಗಳವಾರ. ಬೆಳಗ್ಗೆ ಇಬ್ಬನಿ, ಹೊತ್ತೇರಿದ ಮೇಲೆ ಒಣಬಿಸಿಲು. ಅಂದು ಹಗರಿಕೋಟೆಯಲ್ಲಿ ಡಂಗುರ ಸಾರಿದರು: ದೊರೆಯ ಬಾಯಿ ತೆರೆಯುತ್ತಿಲ್ಲ. ಅಡುಗೆಯ ಕೆಂಚವ್ವ ವಿಷವಿಕ್ಕಿದಳೆಂದು ಸೆರೆಯಲ್ಲಿದ್ದಾಳೆ. ವೈದ್ಯ ಗುರುಲಿಂಗಯ್ಯನ ಮೂರು ಒಗಟು ಬಿಡಿಸಿದವರಿಗೆ ಕೇಳಿದ್ದು ಸಿಗುತ್ತದೆ. ತಪ್ಪಿದವರು ಹುಣ್ಣಿಮೆಗೆ ಅವಳೊಂದಿಗೇ ಶೂಲಕ್ಕೆ.

ಕೆಂಚವ್ವನ ಮಗ ಭರಮ ಕುದುರೆಗೆ ಲಾಳ ಕಟ್ಟುವವನು. ಸುತ್ತಿಗೆ ಕೆಳಗಿಟ್ಟು ಅರಮನೆಗೆ ನಡೆದ.

ಒಗಟು ಬಿಡಿಸಲು ಬಂದವರ ಸಾಲಿನಲ್ಲಿ ಅವನ ಮುಂದೆ ಇಬ್ಬರಿದ್ದರು. ದೊರೆ ಶಾಲು ಹೊದ್ದು ನಡುಗುತ್ತಿದ್ದ. ಎಡಗೆನ್ನೆ ಊದಿ ಕೆಂಪಾಗಿತ್ತು. ಕಣ್ಣು ಮಾತ್ರ ಎಲ್ಲರ ಕೈಗಳ ಮೇಲಿತ್ತು.

"ಬಾಗಿಲು ಒಂದು ಬೆರಳಿನಷ್ಟೇ ತೆರೆಯುತ್ತದೆ. ಬೀಗ ಬಾಗಿಲಲ್ಲಿಲ್ಲ. ಎಲ್ಲಿದೆ?" ಎಂದು ವೈದ್ಯ ಕೇಳಿದ.

"ನಾಲಿಗೆಯಲ್ಲಿ," ಎಂದ ಮಂತ್ರವಾದಿ. ಕಾವಲಿನವರು ಎಳೆದೊಯ್ದರು.

"ಗಂಟಲಲ್ಲಿ, ಆ ಮುದುಕಿಯ ವಿಷದಿಂದ," ಎಂದ ಸೇನಾಪತಿಯ ಅಳಿಯ. ಅವನೂ ಹೋದ.

ಭರಮ ತನ್ನ ಕಿವಿಯ ಮುಂದೆ ಬೆರಳಿಟ್ಟ. "ಇಲ್ಲಿ. ದವಡೆಯ ಕೀಲಿನಲ್ಲಿ."

"ಹೇಳಿಕೊಟ್ಟವರು ಯಾರು?" ದೊರೆ ಹಲ್ಲು ಬಿಡಿಸದೆಯೇ ಕೇಳಿದ.

"ಕುದುರೆಗಳು, ದೊರೆಗಳೇ."

ವೈದ್ಯ ಎರಡನೆಯದನ್ನು ಕೇಳಿದ: "ಆ ಕೀಲಿನ ಮನೆಗೆ ಬೆಂಕಿ ಬಿದ್ದಿದೆ. ಹಚ್ಚಿದವನು ಹೊರಗಿನ ಕಳ್ಳನೋ, ಮನೆಯವರನ್ನೇ ಕಳ್ಳರೆಂದು ಬಡಿಯುವ ಕಾವಲುಗಾರನೋ?"

"ಅಂಥ ಕಾವಲುಗಾರ ನನ್ನವ್ವನ ಮೈಯಲ್ಲಿದ್ದಾನೆ, ಕೀಲುವಾಯು," ಎಂದ ಭರಮ. "ಬೆರಳು, ಮಣಿಕಟ್ಟು, ದವಡೆಯ ಎರಡೂ ಕಡೆ, ವರ್ಷಗಟ್ಟಲೆ ಕೀಲಿನಿಂದ ಕೀಲಿಗೆ ಅಲೆಯುತ್ತಾನೆ. ಬೆಳಗ್ಗೆ ಬಿಗಿತ, ಹೊತ್ತೇರಿದಂತೆ ಸಡಿಲ. ಇಲ್ಲಿ ಒಂದೇ ಕಡೆ ಊತ, ಮೇಲೆ ಚಳಿಜ್ವರ. ಇದು ಹೊರಗಿನ ಕಳ್ಳ, ಕಣ್ಣಿಗೆ ಕಾಣದ ಹುಳು. ಒಳಗೆ ಕೀವು ಕಟ್ಟಿದೆ."

"ಕಳ್ಳನಿಗೆ ದಾರಿ ಬಿಟ್ಟವರು ಯಾರು?" ಇದು ಮೂರನೆಯದು. ಕೇಳುವಾಗ ವೈದ್ಯ ದೊರೆಯ ಕಡೆ ನೋಡಲಿಲ್ಲ.

"ನನ್ನ ಕೈ ಹಿಂದಕ್ಕೆ ಕಟ್ಟಿಸಿ. ದೊರೆಗಳ ಹತ್ತಿರ ಬರಬೇಕು," ಎಂದ ಭರಮ.

ಕಟ್ಟಿದರು. ಭರಮ ಬಾಗಿ, ಕುದುರೆಯ ಬಾಯಿ ನೋಡುವಂತೆ ದೊರೆಯ ಉಸಿರು ಮೂಸಿದ.

"ಹುಳುಕು ಹಲ್ಲು. ಬಹಳ ದಿನದ್ದು. ನಿಮ್ಮ ಕಣ್ಣು ಈಗಲೂ ಎಲ್ಲರ ಕೈಗಳ ಮೇಲೇ ಇದೆ. ವೈದ್ಯರ ಬೆರಳಿಗೂ ವಿಷ ಅಂಟಿದ್ದೀತೆಂದು ನೀವು ಯಾರಿಗೂ ಬಾಯಿ ತೋರಿಸಲಿಲ್ಲ. ದಾರಿ ಬಿಟ್ಟವರು ನೀವೇ."

ದೊರೆ ವೈದ್ಯನ ಕಡೆ ತಿರುಗಿದ. "ನಿನಗೆ ಗೊತ್ತಿತ್ತೇ?"

"ನೇರವಾಗಿ ಹೇಳಿದ್ದರೆ ನನ್ನ ತಲೆ ಇರುತ್ತಿತ್ತೇ, ಪ್ರಭು? ಅದಕ್ಕೇ ಒಗಟು ಕಟ್ಟಿದೆ."

ದೊರೆ ಕೊನೆಗೆ ಒಪ್ಪಿದ. ವೈದ್ಯ ಕಿವಿಯ ಮುಂದೆ ಸಣ್ಣಗೆ ಕೊಯ್ದು ಕೀವು ತೆಗೆದ, ಬಿಗಿತ ಸಡಿಲವಾದಾಗ ಹಲ್ಲು ಕಿತ್ತ. ಏಳನೆಯ ದಿನ ದೊರೆಯ ಬಾಯಿ ಎರಡು ಬೆರಳು ತೆರೆಯಿತು.

"ಏನು ಬೇಕು?" ಎಂದು ಅವನು ಭರಮನನ್ನು ಕೇಳಿದ.

"ನನ್ನವ್ವ. ಜೊತೆಗೆ ಒಗಟು ತಪ್ಪಿದ ಆ ಇಬ್ಬರೂ."

"ಇಷ್ಟೇನಾ? ನಿನ್ನ ಹಿಂದೆ ಯಾರಿದ್ದಾರೆ?"

ಮೂವರನ್ನೂ ಬಿಟ್ಟರು. ಇಷ್ಟು ಕಡಿಮೆ ಕೇಳುವವನನ್ನು ನಂಬಲಾಗದೆ ದೊರೆ ಕೆರೆಯ ಕೆಳಗಿನ ಎರಡು ಗದ್ದೆಗಳನ್ನೂ ಭರಮನಿಗೆ ಒತ್ತಾಯದಿಂದ ಬರೆದುಕೊಟ್ಟ.