ಎಲೆ ನೋಡಿ ಬಡಿಸು

ಹೊಳೆದಂಡೆಯ ಆ ಆಶ್ರಮದಲ್ಲಿ ಮಧ್ಯಾಹ್ನ ಯಾರು ಬಂದರೂ ಊಟ. ಬಡಿಸುವವರಿಗೆ ಒಂದೇ ಕಟ್ಟಳೆ: ಕಣ್ಣು ಎಲೆಯ ಮೇಲಿರಬೇಕು, ಉಣ್ಣುವವರ ಮುಖದ ಮೇಲಲ್ಲ.

ಶಿಷ್ಯ ಅಡಿವೆಪ್ಪ ಊಟದ ಮನೆಯ ಬಾಗಿಲಿಗೆ ಹೊಸ ಯಂತ್ರವೊಂದನ್ನು ಹಾಕಿಸಿದ. ಮೊಬೈಲ್ ನಂಬರ್ ಒತ್ತಿ ಮುಖ ತೋರಿಸಿದರೆ ಬಾಗಿಲು ತೆರೆಯುತ್ತಿತ್ತು.

ಅಂದು ಊಟ ಮುಗಿದ ಮೇಲೆ ಗುರುಗಳಿಗೆ ಎಲೆ ಹಾಕಿದ. ಅವರು ಕೂರಲಿಲ್ಲ.

"ಯಂತ್ರಕ್ಕೆ ಎಷ್ಟು ಕೊಟ್ಟೆ?"

"ಏನೂ ಇಲ್ಲ ಗುರುಗಳೇ. ಪೇಟೆಯ ಕಂಪನಿಯವರು ಬಿಟ್ಟಿ ಕೊಟ್ಟರು."

"ಒತ್ತಿದ ನಂಬರು, ತೋರಿಸಿದ ಮುಖ, ಎಲ್ಲ ಎಲ್ಲಿ ಹೋಗುತ್ತವೆ?"

"ಅವರ ಹತ್ತಿರ."

"ಬಿಟ್ಟಿ ಅಂದೆಯಲ್ಲ."

ಅಡಿವೆಪ್ಪ ಯಂತ್ರದ ಕಡೆ ತಿರುಗಿ ನೋಡಿದ.

"ಇವತ್ತು ಉಣ್ಣದೆ ಹೋದವರು ಯಾರಾದರೂ ಇದ್ದಾರೆಯೆ?"

"ಅದು ಯಂತ್ರದಲ್ಲಿ ಬರುವುದಿಲ್ಲ." ಎಲೆಗೆ ನೀರು ಚಿಮುಕಿಸುತ್ತ ಹೇಳಿದ: "ಒಬ್ಬ ಹೆಂಗಸು, ಕಂಕುಳಲ್ಲಿ ಕೂಸು. 'ನಾನಿಲ್ಲಿಗೆ ಬಂದದ್ದು ಇದರಲ್ಲಿ ಉಳಿಯುತ್ತದಾ ಅಣ್ಣಾ?' ಅಂದಳು. ಹೌದು ಅಂದೆ. ಸೆರಗು ಮುಂದೆಳೆದುಕೊಂಡು ಹೊಳೆ ಕಡೆ ಹೋದಳು. ತಪ್ಪು ಮಾಡದವರಿಗೆ ಮುಚ್ಚಿಡುವಂಥದ್ದು ಏನಿರುತ್ತದೆ ಗುರುಗಳೇ?"

"ನೀನು ಮೊದಲು ಇಲ್ಲಿಗೆ ಬಂದ ದಿನ ಹೆಸರು ಏನಂತ ಹೇಳಿದ್ದೆ?"

ಅಡಿವೆಪ್ಪ ತಲೆ ತಗ್ಗಿಸಿದ. "ಶಂಕರ ಅಂದಿದ್ದೆ."

"ಯಾಕೆ?"

"ಇಟ್ಟಿಗೆ ಗೂಡಿನಿಂದ ತಪ್ಪಿಸಿಕೊಂಡು ಬಂದಿದ್ದೆ. ಮಾಲೀಕನ ಜನ ಹುಡುಕುತ್ತಿದ್ದರು. ಅಂದೇ ಊಟವಾಗುತ್ತಿದ್ದ ಹಾಗೆ ಅವರು ಇಲ್ಲಿಗೂ ಬಂದು ನಿಮ್ಮನ್ನೇ ಕೇಳಿದರು."

"ಕೇಳಿದರು. ನೋಡಿಲ್ಲ ಅಂದೆ."

"ನನಗಾಗಿ ಸುಳ್ಳು ಹೇಳಿದಿರಿ."

"ಸುಳ್ಳಲ್ಲ. ಆವತ್ತು ಬಡಿಸುವ ಸರದಿ ನನ್ನದಾಗಿತ್ತು."

ಅಡಿವೆಪ್ಪನ ಕಣ್ಣು ತುಂಬಿ ಬಂತು. ಇಷ್ಟು ವರ್ಷ ತಾನು ಉಂಡದ್ದು ಯಾವ ಅನ್ನವೆಂದು ಅವನಿಗೆ ಅಂದು ತಿಳಿಯಿತು. ಬಾಗಿ ಗುರುಗಳ ಪಾದ ಮುಟ್ಟಿದ.

"ನನ್ನ ಪಾದಕ್ಕೆ ಹಸಿವಿಲ್ಲ," ಎಂದರು ಗುರುಗಳು.

ಅಡಿವೆಪ್ಪ ಎದ್ದು ಹೋಗಿ ಯಂತ್ರವನ್ನು ಬಾಗಿಲಿನಿಂದ ಬಿಚ್ಚಿ ಕೆಳಗಿಟ್ಟ. ಅನ್ನ, ಸಾರು, ಒಂದು ಎಲೆ ತೆಗೆದುಕೊಂಡು ಹೊಳೆಗೆ ಇಳಿದ.

ಅವನು ತಿರುಗಿ ಬರುವಾಗ ಬಿಸಿಲು ಇಳಿದಿತ್ತು. ಗುರುಗಳು ಖಾಲಿ ಎಲೆಯ ಪಕ್ಕದಲ್ಲಿ ಹಾಗೆಯೇ ನಿಂತಿದ್ದರು.

"ಸಿಕ್ಕಳೆ?"

"ಮೆಟ್ಟಿಲ ಮೇಲೆ ಕೂತಿದ್ದಳು. ಉಂಡಳು. ಕೂಸಿಗೂ ಕಲಸಿ ತಿನ್ನಿಸಿದಳು."

"ಯಾವ ಊರಿನವಳಂತೆ?"

"ಕೇಳಲಿಲ್ಲ."

"ನೋಡಲು ಹೇಗಿದ್ದಾಳೆ?"

"ಗೊತ್ತಿಲ್ಲ ಗುರುಗಳೇ. ಬಡಿಸುತ್ತಿದ್ದೆ."

ಗುರುಗಳು ಎಲೆಯ ಮುಂದೆ ಕೂತರು.

"ಈಗ ನನಗೂ ಬಡಿಸು."