ಕೌಲಿ ಕೊಟ್ಟ ಮೇಲಿನ ಸಾಲು

ಆಗಿನ್ನೂ ಭೂಮಿಯ ಹಸಿ ಆರಿರಲಿಲ್ಲ. ಯಾವ ಕಡೆ ಹರಿಯಬೇಕೆಂದು ತಿಳಿಯದೆ ಹೊಳೆಯು ಗುಡ್ಡಗಳನ್ನು ದಾರಿ ಕೇಳುತ್ತಿತ್ತು. ಆಕಳುಗಳಿಗೆ ಮುಂದಿನ ಹಲ್ಲು ಕೆಳಗೂ ಇದ್ದವು, ಮೇಲೂ ಇದ್ದವು. ಮನುಷ್ಯರಿಗೆ ಮಾತ್ರ ಹಲ್ಲು ಬರುತ್ತಿದ್ದದ್ದು ಒಂದೇ ಸಲ. ಹೋದರೆ ಹೋಯಿತು.

ಕೌಲಿ ಎಂಬ ಆಕಳಿಗೆ ತನ್ನ ಹಲ್ಲಿನ ಮೇಲೆ ಬಲು ಜಂಬ. ಕಚಕ್ಕನೆ ಹುಲ್ಲು ಕಡಿಯುವುದು, ಹೊಳೆಗೆ ಹೋಗಿ ನೀರಿನಲ್ಲಿ ಹಲ್ಲು ನೋಡಿಕೊಳ್ಳುವುದು, ಇದೇ ಅವಳ ಕೆಲಸ.

"ಸಾಕು ಸರಿಯವ್ವಾ, ನನಗ ಮುಂದ ಹೋಗೂದೈತಿ," ಎಂದು ಹೊಳೆ ಗೊಣಗುತ್ತಿತ್ತು.

ಕೌಲಿಯನ್ನು ಸಾಕಿದವಳು ಬಾಳವ್ವ. ಅವಳಿಗೆ ನಿಂಗಿ ಎಂಬ ಮೂರು ವರ್ಷದ ಮಗಳು. ಹೊಲಕ್ಕೆ ಹೋದಾಗ ಮಗು ಅಳಬಾರದೆಂದು ಬಾಳವ್ವ ಬಟ್ಟೆಯಲ್ಲಿ ಬೆಲ್ಲದ ಚೂರು ಕಟ್ಟಿ ಬಾಯಿಗೆ ಇಡುತ್ತಿದ್ದಳು. ನಿಂಗಿ ಅದನ್ನು ದಿನವಿಡೀ ಚೀಪುತ್ತಿದ್ದಳು. ಬೆಲ್ಲ ಕರಗಿದರೆ ಹೆಬ್ಬೆರಳು. ತಾಯಿ ಅಕ್ಕರೆಯಿಂದಲೇ ಮಾಡಿದ್ದು, ಪಾಪ. ಆದರೆ ಬೆಲ್ಲಕ್ಕೆ ಅಕ್ಕರೆ ಗೊತ್ತಾಗುತ್ತದೆಯೇ? ಮಗುವಿನ ಮೇಲಿನ ಹಲ್ಲುಗಳು ಮೊದಲು ಹಳದಿಯಾದವು, ಆಮೇಲೆ ಕಪ್ಪಾದವು, ಆಮೇಲೆ ಪುಡಿಪುಡಿಯಾಗಿ ಉದುರಿದವು. ಉಳಿದ ಒಂದೆರಡನ್ನು ಹೆಬ್ಬೆರಳು ಮುಂದಕ್ಕೆ ತಳ್ಳಿತ್ತು.

"ಯವ್ವಾ, ರೊಟ್ಟಿ ಕಡ್ಯಾಕ ಆಗವಲ್ದು. ಹಲ್ಲು ನೋಯ್ತಾವು," ಎಂದು ನಿಂಗಿ ಅತ್ತಳು.

ಬಾಳವ್ವ ರೊಟ್ಟಿ ನೆನೆಸಿ ಕೊಟ್ಟಳು. ನೋವಿಗೆ ನಿಂಗಿ ಅದನ್ನೂ ಉಗುಳಿದಳು. ದಿನದಿಂದ ದಿನಕ್ಕೆ ಮಗು ಬಡಕಲಾಯಿತು.

"ಹಿಂಗಾದ್ರ ನನ್ನ ಕೂಸು ಹೆಂಗ ಉಳಿತೈತಿ?" ಎಂದು ಬಾಳವ್ವ ಕೌಲಿಯ ಕೊರಳು ತಬ್ಬಿ ಅತ್ತಳು. ಕೌಲಿ ಅವಳ ಕಣ್ಣೀರು ನೆಕ್ಕಿದಳು.

"ಭೂಮಿತಾಯೀನ್ನ ಕೇಳು. ಹಲ್ಲು ಮಾಡಾಕಿ ಆಕೀನ," ಎಂದು ಗಾಳಿ ಕೌಲಿಯ ಕಿವಿಯಲ್ಲಿ ಹೇಳಿತು.

ಕೌಲಿ ನೆಲಕ್ಕೆ ಮೂತಿ ಹಚ್ಚಿದಳು. "ತಾಯಿ, ಆ ಕೂಸಿಗೆ ಇನ್ನೊಂದು ಸಲ ಹಲ್ಲು ಕೊಡು."

"ಗಟ್ಟಿ ಹಲ್ಲು ಅವಸರದಾಗ ಆಗೂದಿಲ್ಲ. ವರ್ಷಗಟ್ಟಲೆ ಹಿಡಿತೈತಿ," ಎಂದಳು ಭೂಮಿತಾಯಿ. "ಅಲ್ಲೀತನಕ ಯಾರರ ತಮ್ಮ ಹಲ್ಲು ಕೊಟ್ರ ಕೂಸಿನ ಬಾಯಾಗ ನೆಡತೀನಿ. ಆದ್ರ ಕೊಟ್ಟವರಿಗೆ ಮತ್ತ ಬರೂದಿಲ್ಲ."

ಕೌಲಿ ಹೊಳೆಗೆ ಹೋಗಿ ಹಲ್ಲು ನೋಡಿಕೊಂಡಳು. ನಿಜ ಹೇಳಬೇಕೆಂದರೆ ಅವಳಿಗೆ ಕೊಡಲು ಮನಸ್ಸಿರಲಿಲ್ಲ. ಅಷ್ಟರಲ್ಲಿ ನಿಂಗಿ ಹಿಂದೆಯೇ ಬಂದು, ತಾನು ತಿನ್ನಲಾರದ ರೊಟ್ಟಿಯನ್ನು ಅವಳ ಬಾಯಿಗೆ ಹಿಡಿದಳು.

"ನೀನರ ತಿನ್ನು," ಎಂದಳು.

ಕೌಲಿ ಆ ರೊಟ್ಟಿ ಮುಟ್ಟದೆ ಮತ್ತೆ ನೆಲಕ್ಕೆ ಮೂತಿ ಹಚ್ಚಿದಳು. "ತಗೋ ತಾಯಿ, ಮೇಲಿನ ಸಾಲು ಪೂರಾ ತಗೋ," ಎಂದಳು.

ಭೂಮಿತಾಯಿ ಕೌಲಿಯ ಹಲ್ಲುಗಳನ್ನು ತೇಯ್ದು ಚಿಕ್ಕದು ಮಾಡಿ ನಿಂಗಿಯ ಬಾಯಲ್ಲಿ ನೆಟ್ಟಳು. "ಇವನ್ನ ಜ್ವಾಕಿ ಮಾಡವ್ವಾ," ಎಂದು ಬಾಳವ್ವನಿಗೆ ಹೇಳಿದಳು. "ಕೂಸಿಗೆ ಆರೇಳು ವರ್ಷ ಆದಾಗ ಇವು ಬಿದ್ದು ನನ್ನ ಗಟ್ಟಿ ಹಲ್ಲು ಬರ್ತಾವು. ಅವೂ ಹೋದ್ರ ನನ್ನ ಕೇಳಬ್ಯಾಡ."

ಬಾಳವ್ವ ಬೆಲ್ಲದ ಗಂಟನ್ನು ಒಲೆಗೆ ಎಸೆದಳು. ಮಗು ಉಂಡ ಮೇಲೆಲ್ಲ ಬೆರಳಿಗೆ ಒದ್ದೆ ಬಟ್ಟೆ ಸುತ್ತಿ ಹಲ್ಲು ಒರೆಸತೊಡಗಿದಳು. ಹೆಬ್ಬೆರಳು ಮಾತ್ರ ಅಷ್ಟು ಸುಲಭಕ್ಕೆ ಬಾಯಿ ಬಿಡುತ್ತದೆಯೇ! ಅದು ಒಳಗೆ ಹೋದಾಗಲೆಲ್ಲ ಕೌಲಿ ಬಂದು ಒರಟು ನಾಲಿಗೆಯಿಂದ ನಿಂಗಿಯ ಕೈ ನೆಕ್ಕುತ್ತಿದ್ದಳು. ನಿಂಗಿ ಕಚಗುಳಿಗೆ ಕಿಲಕಿಲ ನಕ್ಕು ಬೆರಳು ತೆಗೆಯುತ್ತಿದ್ದಳು. ಮಳೆಗಾಲ ಮುಗಿಯುವುದರೊಳಗೆ ಚೀಪುವುದೇ ಮರೆತುಹೋಯಿತು.

ಒಂದು ಬೆಳಿಗ್ಗೆ ನಿಂಗಿ ಒಣರೊಟ್ಟಿಯನ್ನು ಕಟುಕ್ಕನೆ ಕಡಿದಳು. "ಯವ್ವಾ, ಕಡದ್ನಿ!" ಎಂದು ಕೂಗಿದಳು. ಬಾಳವ್ವ ನಗುತ್ತಲೇ ಅತ್ತಳು.

ಅಂದಿನಿಂದ ಆಕಳುಗಳೆಲ್ಲ ಮೇಲಿನ ಸಾಲನ್ನು ಮಕ್ಕಳಿಗೇ ಬಿಟ್ಟವು: ಎಲ್ಲ ಮಕ್ಕಳಿಗೂ ಮೊದಲು ಚಿಕ್ಕ ಹಲ್ಲು, ಆಮೇಲೆ ಗಟ್ಟಿ ಹಲ್ಲು. ಬಿದ್ದ ಹಲ್ಲನ್ನು ಅಜ್ಜಿಯಂದಿರು ಸಗಣಿಯಲ್ಲಿ ಸುತ್ತಿ ಮಾಳಿಗೆ ಮೇಲೆ ಎಸೆಯುವುದು ಕೌಲಿಯ ನೆನಪಿಗೆ. ಆಕಳು ಮೇಯುವಾಗ ಬೇಕಾದರೆ ನೋಡಿ: ಮೇಲೆ ಮುಂದಿನ ಹಲ್ಲು ಒಂದೂ ಇಲ್ಲ, ಉದ್ದ ನಾಲಿಗೆಯಿಂದ ಹುಲ್ಲನ್ನು ಸುತ್ತಿ ಎಳೆದುಕೊಳ್ಳುತ್ತಾಳೆ, ಏಕೆಂದರೆ ಅವಳ ಹಲ್ಲು ಈಗ ನಿಮ್ಮ ಬಾಯಲ್ಲಿವೆ.