ಹೇಳದ ಗವಿ

ಕೆಂಚರಗಲ್ಲಿನ ಗುಡ್ಡದ ಬೆನ್ನಿಗೆ, ಮಧ್ಯಾಹ್ನದವರೆಗೂ ಬಿಸಿಲು ಸುಳಿಯದ ಒಂದು ಇಳುಕಲಿನಲ್ಲಿ, ಆಳೆತ್ತರದ ಬಾಯಿಯುಳ್ಳ ಗವಿಯೊಂದಿದೆ. ಹೊಸ್ತಿಲು ದಾಟಿದ ಕೂಡಲೇ ನೆಲ ಒಳಮುಖವಾಗಿ ಇಳಿಯುತ್ತದೆ. ನಾಲ್ಕು ಹೆಜ್ಜೆಗೆ ನೀರು, ನೀರಿನ ಆಚೆ ಕತ್ತಲು. ಗವಿಯ ಬಾಯಲ್ಲಿ ಮೂರ್ತಿಯಿಲ್ಲ, ಗಂಟೆಯಿಲ್ಲ, ಮಹಿಮೆ ಬರೆದ ಫಲಕವೂ ಇಲ್ಲ. ಎಡಗೋಡೆಗೆ ಬಡಿದ ಒಂದು ಮರದ ಗೂಟ, ಅದರ ಮೇಲೆ ಒಂದು ಧೋತರ, ಅಷ್ಟೆ. ಪೂಜೆಯ ಮನೆತನದವರು ಪಕ್ಕದ ಕಟ್ಟೆಯ ಮೇಲೆ ಕುಳಿತಿರುತ್ತಾರೆ. ಒಳಗಿರುವ ದೇವರು ಯಾರು, ಹೇಗಿದ್ದಾನೆ ಎಂದು ಕೇಳಿದರೆ ಅವರು ಉತ್ತರ ಕೊಡುವುದಿಲ್ಲ. ದೂರದಿಂದ ಬಂದವರು ಇದನ್ನು ಸೊಕ್ಕು ಎಂದುಕೊಂಡು, ಸಿಟ್ಟಿನಿಂದ ಮರಳುವುದುಂಟು. ಆ ಮೌನದ ಹಿಂದೆ ಒಂದು ಸಾವಿದೆಯೆಂದು ಅವರಿಗೆ ಗೊತ್ತಿರುವುದಿಲ್ಲ.

ಹಿಂದೆ ಒಮ್ಮೆ ಇದಕ್ಕೆ ಬೆಳಕಿನ ಗವಿ ಎಂಬ ಹೆಸರಿತ್ತು ಎನ್ನುತ್ತಾರೆ. ಮನೆತನದ ಮೂಲಪುರುಷನೊಬ್ಬ ಒಳಹೊಕ್ಕು, ಕಂಡದ್ದನ್ನು ಹೊರಬಂದು ಹೇಳಿದನಂತೆ. ಆ ಮಾತುಗಳನ್ನು ಮಗ ಬಾಯಿಪಾಠ ಮಾಡಿದ, ಮಗನಿಂದ ಮೊಮ್ಮಗ ಕಲಿತ. ಅದಕ್ಕೆ ಬಣ್ಣನೆ ಎಂದೇ ಹೆಸರಾಯಿತು. ‘ಕಂಡೆನು’ ಎಂದು ಶುರುವಾಗುವ ಆ ಬಣ್ಣನೆಯಲ್ಲಿ ಒಂದಕ್ಷರ ಹೆಚ್ಚುಕಡಿಮೆ ಆಗಕೂಡದು, ಶುರುಮಾಡಿದ ಮೇಲೆ ನಡುವೆ ನಿಲ್ಲಿಸಕೂಡದು. ಹೇಳುವವನೂ ಕೇಳುವವರೂ ಕಣ್ಣು ಮುಚ್ಚಿಕೊಂಡಿರಬೇಕು. ಕೇಳಿದವರಿಗೆ ಒಳಹೊಕ್ಕವರ ಪುಣ್ಯವೇ ಬರುತ್ತದೆಂಬ ನಂಬಿಕೆ ಬಲಿತ ಮೇಲೆ, ಒಳಗೆ ಹೋಗುವ ಅಗತ್ಯ ಯಾರಿಗೂ ಉಳಿಯಲಿಲ್ಲ, ಹೇಳುವವರಿಗೂ ಉಳಿಯಲಿಲ್ಲ. ಇದರ ನಡುವೆ ಊರವರು ಗುಡ್ಡದ ನೆತ್ತಿಯ ತಗ್ಗಿಗೆ ಒಡ್ಡು ಹಾಕಿ ಕೆರೆ ಕಟ್ಟಿದರು. ದನಕರುಗಳಿಗೆ ನೀರಾಯಿತು. ಆ ನೀರು ಬಂಡೆಯ ಬಿರುಕುಗಳಲ್ಲಿ ಇಳಿದು ಗವಿಯೊಳಗೆ ಎಷ್ಟು ತುಂಬಿಕೊಂಡಿತೆಂದು ನೋಡಿದವರಿಲ್ಲ. ಬಣ್ಣನೆಯಲ್ಲಿ ಮಾತ್ರ ಅದು ಮೊಣಕಾಲ ಮಟ್ಟದಲ್ಲೇ ನಿಂತಿತ್ತು.

ಮುಪ್ಪಯ್ಯನ ಸರದಿ ಬಂದದ್ದು ಆ ಕಾಲಕ್ಕೆ. ಅವನ ಕಂಠ ಎಷ್ಟು ಚೆನ್ನಾಗಿತ್ತೆಂದರೆ, ‘ಬೆಳಕು ಬಂಡೆಯ ಸೀಳಿನಿಂದ ಹಾಲಿನಂತೆ ಇಳಿಯಿತು’ ಎಂಬಲ್ಲಿಗೆ ಬರುವಾಗ ಕೇಳುವವರ ಮುಚ್ಚಿದ ರೆಪ್ಪೆಗಳಿಂದ ನೀರು ಹರಿಯುತ್ತಿತ್ತಂತೆ. ಆದರೆ ಅವನಿಗೆ ನೀರೆಂದರೆ ಜೀವಭಯ. ಹೊಳೆಗೆ ಹೋದರೂ ದಂಡೆಯ ಮೇಲೆ ಕುಳಿತು ತಂಬಿಗೆಯಿಂದಲೇ ಜಳಕ ಮಾಡುವವನು. ಹೆಂಡತಿ ಹಾಲವ್ವ ನಗುತ್ತಿದ್ದಳು: “ದೇವರ ಹಾದಿ ಊರಿಗೆಲ್ಲಾ ಹೇಳ್ತೀರಿ, ಹೊಳಿ ಕಂಡ್ರ ಬೆಕ್ಕಿನಂಗ ಹಿಂದ ಸರೀತೀರಿ.” “ದೇವರು ಹೊಳ್ಯಾಗ ಇಲ್ಲ ಬಿಡ, ಗವ್ಯಾಗ ಅದಾನ” ಎಂದು ಅವನೂ ನಗುತ್ತಿದ್ದ. ಮಗಳು ನೀಲವ್ವ ಮೈಲಿಬೇನೆಯಲ್ಲಿ ತೀರಿಕೊಂಡ ಮೇಲೆ ಆ ಮನೆಯಲ್ಲಿ ನಗೆ ನಿಂತಿತು.

ಹಾಲವ್ವ ಯಾರ ಮುಂದೂ ಅಳಲಿಲ್ಲ. ಬಣ್ಣನೆಯ ಹೊತ್ತಿಗೆ ಬಂದು ಎಲ್ಲರ ಹಿಂದೆ ಕುಳಿತುಕೊಳ್ಳತೊಡಗಿದಳು. ಕೊನೆಗೆ ಒಂದು ಮಾತು ಬರುತ್ತಿತ್ತು: ‘ಅಲ್ಲಿ ನಿಂತ ನನಗೆ ಇದ್ದವರು ಸತ್ತವರು ಎಂಬ ಭೇದ ಕಾಣಲಿಲ್ಲ.’ ಉಳಿದವರು ಅದಕ್ಕೆ ತಲೆದೂಗಿ ಎದ್ದು ಹೋಗುತ್ತಿದ್ದರು. ಮಗಳನ್ನು ಮಣ್ಣು ಮಾಡಿ ಬಂದವಳಿಗೆ ಅದು ತಲೆದೂಗುವ ಮಾತಾಗಿರಲಿಲ್ಲ. ಅದು ನಡೆದು ಹೋಗಬಹುದಾದ ಒಂದು ಜಾಗವಾಗಿತ್ತು. ಶ್ರಾವಣದ ಒಂದು ಸಂಜೆ ಗಂಡನಿಗೆ ಬಡಿಸುತ್ತ ಕೇಳಿದಳು.

“ಒಂದ ಮಾತು. ಖರೇ ಹೇಳ್ರಿ. ನೀವು ಒಳಗ ಹೋಗೀರೇನು?”

“ದಿನಾ ಕೇಳ್ತಿಯಲ್ಲ, ‘ಕಂಡೆನು’ ಅಂತ ನಾನ ಹೇಳೂದಿಲ್ಲೇನು?”

“ಅದು ನಿಮ್ಮ ಮುತ್ಯಾನ ಮುತ್ಯಾ ಹೇಳಿದ್ದು. ಅವರು ಉಂಡದ್ದಕ್ಕ ನಿಮ್ಮ ಹೊಟ್ಟಿ ತುಂಬೇತೇನು? ನಾ ನಿಮ್ಮನ್ನ ಕೇಳಾಕತ್ತೀನಿ.”

ಮುಪ್ಪಯ್ಯ ರೊಟ್ಟಿಯ ಇನ್ನೊಂದು ತುಂಡು ಮುರಿದ. ಇಲ್ಲವೆಂದರೆ ಇಷ್ಟು ವರ್ಷ ಜನರ ಮುಂದೆ ಆಡಿದ ಮೊದಲ ಮಾತೇ ಸುಳ್ಳಾಗುತ್ತಿತ್ತು. ಅವಳ ಮುಖ ನೋಡದೆ “ನೋಡೀನಿ” ಎಂದ.

“ನೀರು?”

“ಮೊಣಕಾಲ ಮಟ.”

“ಹಂಗಾರ ಅಂಜೂದೇನೈತಿ” ಎಂದು ಹಾಲವ್ವ ಇನ್ನೊಂದು ರೊಟ್ಟಿ ಬಡಿಸಿದಳು.

ಮುಂದಿನ ಸೋಮವಾರ ಮಳೆ ಹಿಡಿದು ಮೇಲಿನ ಕೆರೆ ತುಂಬಿತ್ತು. ಜನ ಸೇರಿದರು, ಕಣ್ಣು ಮುಚ್ಚಿದರು, ಮುಪ್ಪಯ್ಯ ಶುರುಮಾಡಿದ. ‘ಮೊಣಕಾಲ ಮಟ್ಟದ ನೀರನ್ನು ದಾಟಿದೆನು’ ಎನ್ನುವಾಗ ಗವಿಯ ಒಳಗೆ ನೀರು ಕಲಕಿದ ಸದ್ದು ಕೇಳಿಸಿತು. ಬಂಡೆಯ ಚೂರು ಬಿದ್ದಿರಬೇಕು ಎಂದುಕೊಂಡ. ಬೆಳಕು ಹಾಲಿನಂತೆ ಇಳಿಯುವಲ್ಲಿಗೆ ಬಂದಾಗ ಆಳದಿಂದ ಮತ್ತೊಂದು ಸದ್ದು ಬಂತು. ಬಾವಲಿ ಎಂದು ತನಗೆ ತಾನೇ ಹೇಳಿಕೊಂಡ. ಕಣ್ಣು ತೆರೆಯಬಹುದಿತ್ತು. ಆದರೆ ಬಣ್ಣನೆಯನ್ನು ನಡುವೆ ಬಿಟ್ಟ ಮೊದಲಿಗ ತಾನಾಗಲು ಅವನು ಒಪ್ಪಲಿಲ್ಲ. ಇದ್ದವರು ಸತ್ತವರು ಎಂಬ ಕೊನೆಯ ಮಾತಿನವರೆಗೂ, ಸ್ವರ ಕುಗ್ಗದಂತೆ, ಹೇಳಿ ಮುಗಿಸಿದ.

ಜನ ಕಣ್ಣು ಬಿಟ್ಟಾಗ ಗವಿಯ ಬಾಯಲ್ಲಿದ್ದ ಹಿತ್ತಾಳೆಯ ದೀಪ ಇರಲಿಲ್ಲ. ನೀರು ರಾಡಿಯಾಗಿತ್ತು. ಹಾಲವ್ವ ಕುಳಿತ ಜಾಗದಲ್ಲಿ ಮಡಚಿಟ್ಟ ಕಂಬಳಿಯೊಂದೇ ಇತ್ತು. “ಅಯ್ಯನವರ, ನಿಮ್ಮ ಮನಿಯಾಕಿ ಎಲ್ಲಿ?” ಎಂದು ಒಬ್ಬ ಮುದುಕಿ ಕೇಳಿದಳು. ಮುಪ್ಪಯ್ಯ ನೀರನ್ನೇ ನೋಡುತ್ತಿದ್ದ. ಈಜು ಬಲ್ಲ ಅಂಬಿಗರವನೊಬ್ಬ ಅಂಗಿ ಕಳಚಿ ಮುಂದೆ ಬಂದರೆ, ತೋಳು ಹಿಡಿದು ತಡೆದ. “ಬ್ಯಾಡ. ಈ ಹಾದಿ ಹೇಳಿದಾವ ನಾನು. ನಾನ ಹೋಗ್ತೀನಿ.”

ನೀರು ಮೊಣಕಾಲಿಗೆ ಬಂತು, ನಿಲ್ಲಲಿಲ್ಲ. ಸೊಂಟಕ್ಕೆ ಬಂತು, ಎದೆಗೆ ಬಂತು, ಕುತ್ತಿಗೆಗೆ ಬಂತು. ಕಾಲ ಕೆಳಗೆ ನೆಲ ಒಮ್ಮೆ ಇತ್ತು, ಒಮ್ಮೆ ಇರಲಿಲ್ಲ. ಬಂಡೆಯ ಸೀಳನ್ನು ಕೆರೆಯ ಹೂಳು ಎಂದೋ ಮುಚ್ಚಿತ್ತು. ಬೆಳಕೆಂಬುದರ ಸುಳಿವೂ ಇರಲಿಲ್ಲ. ಹುಟ್ಟಿದಾಗಿನಿಂದ ಬಾಯಿಪಾಠ ಮಾಡಿದ ಮಾತುಗಳಲ್ಲಿ ಒಂದಾದರೂ ಕೈ ಹಿಡಿಯಲಿಲ್ಲ. ಗೋಡೆಯನ್ನು ತಡವುತ್ತ ಹೋದ. ಇಷ್ಟನ್ನು ಅವನೇ ಮುಂದೆ ಹೇಳಿದ್ದು, ಬರುವವರಿಗೆ ನೀರಿನ ವಿಷಯ ತಿಳಿದಿರಲೆಂದು. ಗೋಡೆ ಮುಗಿದು ಅವನ ಕೈಗೆ ಏನು ತಾಗಿತು, ಅಲ್ಲಿ ಎಷ್ಟು ಹೊತ್ತು ನಿಂತ ಎಂಬುದನ್ನು ಅವನು ಯಾರಿಗೂ ಹೇಳಲಿಲ್ಲ. ಆದ್ದರಿಂದ ಈ ಐತಿಹ್ಯಕ್ಕೂ ಅದು ಗೊತ್ತಿಲ್ಲ.

ಹೆಂಡತಿಯನ್ನು ಹೆಗಲ ಮೇಲೆ ಹೊತ್ತು ಹೊರಬಂದ. ಅವಳ ಮೈ ತಣ್ಣಗಾಗಿತ್ತು. ಸೊಂಟಕ್ಕೆ ಸಿಕ್ಕಿಸಿಕೊಂಡ ಕುಂಕುಮದ ಭರಣಿಯ ಮುಚ್ಚಳ ತೆರೆದಿತ್ತು, ಒಳಗೆ ಏನೂ ಇರಲಿಲ್ಲ. ದೀಪ ಅವಳ ಜೊತೆಗೆ ಬಂದಿರಲಿಲ್ಲ. ಅವಳು ಅಲ್ಲಿಯವರೆಗೂ ಮುಟ್ಟಿ, ಕುಂಕುಮವಿಟ್ಟು, ಮರಳುವಾಗ ಮುಳುಗಿದಳೋ, ಅಥವಾ ಕುಂಕುಮ ನೀರಿಗೇ ಹೋಯಿತೋ? ಹೆಂಗಸರು ಸುತ್ತುವರಿದು ಕೇಳಿದರು: “ಮುಟ್ಟಿದ್ಲೇನ್ರೀ ಅಕಿ? ಮಗಳನ್ನ ಕಂಡ್ಲೇನು?” ಮುಪ್ಪಯ್ಯ ಬಾಯಿ ತೆರೆದ. ಕೇಳಿದವರು ಕಣ್ಣು ಕೂಡ ಮುಚ್ಚಿದರಂತೆ, ಅಭ್ಯಾಸ ಬಲದಿಂದ. ಅವನು ಕೈಯನ್ನು ಕುತ್ತಿಗೆಗೆ ಅಡ್ಡ ಹಿಡಿದು, “ನೀರು ಇಲ್ಲೀಮಟ ಐತಿ” ಎಂದಷ್ಟೇ ಹೇಳಿದ.

ಮಣ್ಣು ಮಾಡಿದ ಮರುದಿನ ನಸುಕಿನಲ್ಲಿ ಅವನು ಮತ್ತೆ ಒಳಗೆ ಹೋದ. ಬಂದು, ಒದ್ದೆ ಧೋತರವನ್ನು ಗೂಟಕ್ಕೆ ಹಾಕಿ, ಕೂಡಿದವರಿಗೆ ನೀರಿನ ಮಟ್ಟ ತೋರಿಸಿದ. ಅದರ ಮರುದಿನವೂ ಹಾಗೆಯೇ. ಬಣ್ಣನೆ ಕೇಳಲು ಬಂದ ಶೆಟ್ಟರೊಬ್ಬರು ಕೆರಳಿದರು: “ಏನ್ರೀ ಅಯ್ಯನವರ, ಕಾಣದಿದ್ದಾಗ ತಾಸುಗಟ್ಟಲೆ ಹೇಳ್ತಿದ್ರಿ. ಕಂಡ ಮ್ಯಾಲ ಮೂಕರಾದ್ರೇನು?” ಮುಪ್ಪಯ್ಯ ಹೌದೆನ್ನುವಂತೆ ತಲೆಯಾಡಿಸಿದ. “ಬೇಕಂದ್ರ ಹೋಗ್ರಿ. ತಡಿಯೂದಿಲ್ಲ” ಎಂದ. ಶೆಟ್ಟರು ನೀರನ್ನು ನೋಡಿ, ಚಪ್ಪಲಿ ಮೆಟ್ಟಿಕೊಂಡು ಊರಿಗೆ ಹೋದರು. ಅಂದಿನಿಂದ ಜನ ಕಡಿಮೆಯಾದರು, ಮನೆತನ ಬಡವಾಯಿತು. ಬೆಳಕಿನ ಗವಿ ಎನ್ನುವವರು ಒಬ್ಬೊಬ್ಬರಾಗಿ ಇಲ್ಲವಾಗಿ, ಸಿಟ್ಟಿನಲ್ಲಿ ಹುಟ್ಟಿದ ಹೇಳದ ಗವಿ ಎಂಬ ಹೆಸರೇ ಉಳಿಯಿತು. ಮುಪ್ಪಯ್ಯ ಆ ಬಣ್ಣನೆಯನ್ನು ಯಾರಿಗೂ ಕಲಿಸಲಿಲ್ಲ. ಅದು ಅವನೊಂದಿಗೇ ಮಣ್ಣಾಯಿತು.

ಈಗಲೂ ಧೋತರ ಒಣಗಿದ್ದರೆ, ಅಂದು ಮನೆತನದವರು ಯಾರೂ ಒಳಗೆ ಹೋಗಿಲ್ಲವೆಂದು ಅರ್ಥ, ಬೇರೆಯವರನ್ನೂ ಬಿಡುವುದಿಲ್ಲ. ಒದ್ದೆಯಿದ್ದರೆ ಕಟ್ಟೆಯ ಮೇಲಿನವರು ಕೈಯನ್ನು ಮೈಗೆ ತಂದು ಇಂದು ನೀರು ಎಲ್ಲಿಯವರೆಗೆ ಎಂದು ತೋರಿಸುತ್ತಾರೆ. ಮಳೆಗಾಲದಲ್ಲಿ ಆ ಕೈ ಕುತ್ತಿಗೆಗೆ ಹೋದಾಗ ಬಹಳ ಮಂದಿ ಅಲ್ಲಿಂದಲೇ ಕೈಮುಗಿದು ತಿರುಗುತ್ತಾರೆ. ಹೋದವರು ಹೊರಬಂದು ಕಟ್ಟೆಯ ಮೇಲೆ ನಡುಗುತ್ತ ಕೂರುತ್ತಾರೆ. ಅವರನ್ನು ಯಾರೂ ಏನೂ ಕೇಳುವುದಿಲ್ಲ. ಗೂಟದ ಕೆಳಗಿನ ಬಂಡೆ, ಧೋತರದ ಹನಿ ಬಿದ್ದು ಬಿದ್ದು, ಬೊಗಸೆಯಷ್ಟು ಕುಳಿಯಾಗಿದೆ. ಅದರ ಸುತ್ತ ಸಾಲಾಗಿ ಕುಂಕುಮದ ಭರಣಿಗಳಿವೆ, ಮಕ್ಕಳನ್ನು ಕಳೆದುಕೊಂಡ ತಾಯಂದಿರು ಇಟ್ಟುಹೋದವು. ಕೆಲವು ತುಂಬಿವೆ. ಕೆಲವು ಮುಚ್ಚಳ ತೆರೆದು ಬರಿದಾಗಿವೆ.